ನಿವೃತ್ತಿ ಆದಮೇಲೆ ಮತ್ತೆ ಟೆನಿಸ್ ಕೋರ್ಟಿಗೆ: ಯಾರಿಗೆ ಕೂಡಿಬಂತು, ಯಾರಿಗೆ ಇಲ್ಲ?

ಬೇಸ್‌ಲೈನ್‌ವಾಸಿ:
2025ರ ಡಿಸೆಂಬರಿನಲ್ಲಿ, ಆಟ ಬಿಟ್ಟಿದ್ದ ಸೆರೆನಾ ವಿಲಿಯಮ್ಸ್ ಹೆಸರು ಉದ್ದೀಪನ ಮದ್ದು ಪರೀಕ್ಷೆಗೆ ಒಳಪಡುವವರ ಪಟ್ಟಿಯಲ್ಲಿ ಕಾಣಿಸಿತು. ಮತ್ತೆ ಆಡಬೇಕು ಅನ್ನುವವರು ಆ ಪಟ್ಟಿಯಲ್ಲಿ ಇರಲೇಬೇಕು. ಸುದ್ದಿ ಹಬ್ಬುತ್ತಿದ್ದಂತೆ ಅವರೇ ಬಂದು, ತಾನು ಮರಳುತ್ತಿಲ್ಲ ಅಂತ ಬರೆದರು. ಆದರೂ ಮಾತು ನಿಂತಿಲ್ಲ. ಬರಬಹುದಾ, ಬಂದರೆ ಗೆಲ್ಲಬಹುದಾ, ಸುಮ್ನೆ ಇದ್ದರೇ ಒಳ್ಳೆಯದಾ ಅಂತ ಎಲ್ಲ ಕಡೆ ಚರ್ಚೆ.

ಎಲ್ಲರೂ ಮೊದಲು ಎತ್ತುವುದು ವಯಸ್ಸಿನ ವಿಷಯ. ನನಗೆ ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದದ್ದು, ಅವರು ಆಟ ಬಿಟ್ಟದ್ದು ಯಾಕೆ ಅಂತ.

ಕಿಮ್ ಕ್ಲೈಸ್ಟರ್ಸ್ ನೋಡಿ. 2007ರ ಮೇನಲ್ಲಿ ಬಿಟ್ಟಾಗ ಅವರಿಗೆ 23 ವರ್ಷ. ಗಾಯಗಳು ಕಾಡುತ್ತಿದ್ದವು ನಿಜ, ಆದರೆ ಆಟದ ಕಸುವು ಕುಂದಿರಲಿಲ್ಲ. ಮದುವೆಯಾಯಿತು, ಮಗುವಾಯಿತು. 2009ರಲ್ಲಿ ವಿಂಬಲ್ಡನ್ ಸೆಂಟರ್ ಕೋರ್ಟಿಗೆ ಹೊಸ ಛಾವಣಿ ಬಂದಾಗ ಅದನ್ನು ಪರೀಕ್ಷಿಸಲು ಒಂದು ಪ್ರದರ್ಶನ ಪಂದ್ಯ ಇಟ್ಟಿದ್ದರು. ಅಗಾಸಿ, ಸ್ಟೆಫಿ ಗ್ರಾಫ್, ಹೆನ್ಮನ್ ಜೊತೆ ಇವರನ್ನೂ ಕರೆದರು. ಅದಕ್ಕಾಗಿ ಅಭ್ಯಾಸ ಶುರುಮಾಡಿದವರು ಅಲ್ಲಿಗೇ ನಿಲ್ಲಿಸಲಿಲ್ಲ. ಆಗಸ್ಟಿನಲ್ಲಿ ಟೂರಿಗೇ (ವರ್ಷವಿಡೀ ನಡೆಯುವ ವೃತ್ತಿಪರ ಟೂರ್ನಿಗಳ ಸರಣಿ) ಮರಳಿದರು. ಮೂರನೇ ಟೂರ್ನಿಯೇ ಅಮೆರಿಕ ಓಪನ್. ರ‍್ಯಾಂಕಿಂಗೇ ಇಲ್ಲ, ವೈಲ್ಡ್ ಕಾರ್ಡ್ (ಸಂಘಟಕರು ತಾವಾಗಿ ಕೊಡುವ ಪ್ರವೇಶ) ಮೇಲೆ ಒಳಗೆ ಬಂದವರು. ಸೆರೆನಾ, ಅವರ ಅಕ್ಕ ವೀನಸ್ ಇಬ್ಬರನ್ನೂ ದಾಟಿ, ಫೈನಲ್‌ನಲ್ಲಿ ಕರೋಲಿನ್ ವೋಜ್ನಿಯಾಕಿಯನ್ನು 7-5, 6-3ರಿಂದ ಸೋಲಿಸಿ ಕಪ್ ಎತ್ತಿದರು. 1980ರ ವಿಂಬಲ್ಡನ್‌ನಲ್ಲಿ ಇವಾನ್ ಗೂಲಗಾಂಗ್ ಗೆದ್ದ ಮೇಲೆ, ತಾಯಿಯಾದವರೊಬ್ಬರು ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಗೆದ್ದದ್ದು ಅದೇ ಮೊದಲು.

ಜಸ್ಟಿನ್ ಹೆನಿನ್ ಕತೆಯೂ ಹತ್ತಿರ ಹತ್ತಿರ ಹೀಗೇ. 2008ರ ಮೇನಲ್ಲಿ, ವಿಶ್ವದ ನಂಬರ್ 1 ಆಗಿದ್ದಾಗಲೇ ಬಿಟ್ಟರು. ಫ್ರೆಂಚ್ ಓಪನ್‌ಗೆ ಎರಡು ವಾರ ಕೂಡ ಇರಲಿಲ್ಲ, ಅದೂ ಸತತ ಮೂರು ಸಲ ಗೆದ್ದಿದ್ದ ಟೂರ್ನಿ! ಮನಸ್ಸು ಸಾಕು ಅಂದಿತ್ತು. 2010ರಲ್ಲಿ ಬಂದು, ವೈಲ್ಡ್ ಕಾರ್ಡ್‌ನಲ್ಲೇ ಆಸ್ಟ್ರೇಲಿಯನ್ ಓಪನ್ ಫೈನಲ್ ತಲುಪಿದರು. ಸೆರೆನಾ ಮೂರು ಸೆಟ್ ಆಡಿ ಗೆಲ್ಲಬೇಕಾಯಿತು.

ಅಂದರೆ ದಣಿದು ಬಿಟ್ಟವರು ಮರಳಬಹುದು. ದೇಹ ಮುಗಿದು ಬಿಟ್ಟವರಿಗೆ ಕಷ್ಟ. ಇದು ನನ್ನ ಲೆಕ್ಕ. ನಿಮ್ಮದೇನು?

ಒಂದುಕೈ ಬ್ಯಾಕ್‌ಹ್ಯಾಂಡ್:
ಲೆಕ್ಕ ಚೆನ್ನಾಗಿದೆ, ಆದರೆ ಬ್ಯೋನ್ ಬೋರ್ಗ್ ಅದರಲ್ಲಿ ಎಲ್ಲಿ ಕೂರುತ್ತಾರೆ?

ಬೋರ್ಗ್ 1983ರ ಜನವರಿಯಲ್ಲಿ ವಿದಾಯ ಹೇಳಿದಾಗ 26 ವರ್ಷ. ದೇಹ ಗಟ್ಟಿಯಾಗಿತ್ತು. ದಣಿದದ್ದು ಮನಸ್ಸು. ನಿಮ್ಮ ಪ್ರಕಾರ ಅವರು ಮರಳಿ ಬಂದು ಗೆಲ್ಲಬೇಕಿತ್ತು ಅಲ್ವಾ? 1991ರಲ್ಲಿ ಮಾಂಟೆ ಕಾರ್ಲೊಗೆ ಬಂದರು, ಕೈಯಲ್ಲಿ ಅದೇ ಮರದ ರ‍್ಯಾಕೆಟ್. ಎದುರಿಗಿದ್ದ ಸ್ಪೇನಿನ ಯೋರ್ಡಿ ಅರೆಸೆ 6-2, 6-3ರಿಂದ ಮುಗಿಸಿಬಿಟ್ಟರು. ಮುಂದೆ ಗ್ರಾಫೈಟ್ ರ‍್ಯಾಕೆಟ್ ಹಿಡಿದರೂ ಕೈಹತ್ತಲಿಲ್ಲ. 1993ರಲ್ಲಿ ಮಾಸ್ಕೋದಲ್ಲಿ ಕೊನೆಯ ಪಂದ್ಯ. ಮರಳಿ ಬಂದ ಆ ಮೂರು ವರ್ಷಗಳಲ್ಲಿ ಟೂರಿನ ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ. 11 ಗ್ರ್ಯಾಂಡ್‌ಸ್ಲಾಮ್ ಗೆದ್ದ ಮನುಷ್ಯ! ಹೋದ ಪುಟ್ಟ ಬಂದ ಪುಟ್ಟ ಅಂತಾರಲ್ಲ, ಹಾಗಾಯಿತು.

ನನ್ನ ಕೇಳಿದರೆ ಕಾರಣಕ್ಕಿಂತ ದೊಡ್ಡದು ನಡುವಿನ ಅಂತರ. ಕ್ಲೈಸ್ಟರ್ಸ್ ಎರಡು ವರ್ಷ ಚಿಲ್ಲರೆ, ಹೆನಿನ್ ಎರಡು ವರ್ಷವೂ ಇಲ್ಲ. ಬೋರ್ಗ್ ಬಿಟ್ಟದ್ದು ಎಂಟು ವರ್ಷ. ಆ ಎಂಟು ವರ್ಷದಲ್ಲಿ ಬೆಕರ್ ಬಂದರು, ಎಡ್ಬರ್ಗ್ ಬಂದರು, ಅಗಾಸಿ ಬಂದರು. ರ‍್ಯಾಕೆಟ್ ಬದಲಾಗಿ ಚೆಂಡಿನ ವೇಗವೇ ಬೇರೆಯಾಗಿತ್ತು. ಬಿಟ್ಟುಹೋದ ಆಟ ಅಲ್ಲಿ ಇರಲೇ ಇಲ್ಲ.

ಲೆಟ್ ಬಾಲ್:
ಮರದ ರ‍್ಯಾಕೆಟ್ ತಂದದ್ದು ಹಠ ಅನ್ನಬೇಕೋ, ಅಭಿಮಾನ ಅನ್ನಬೇಕೋ. ಯಾರಾದರೂ ಪಕ್ಕದಲ್ಲಿ ಕೂತು ಹೇಳೋರು ಇರಲಿಲ್ವಾ ಅಂತ ನನಗೆ ಈಗಲೂ ಅನಿಸುತ್ತದೆ.

ಹಿಂದಿನ ಸಾಲು:
ಅಂತರದ ಮಾತು ಬಂತಲ್ಲ, ಹಾಗಾದರೆ ಕಿಮಿಕೊ ಡಾಟೆ? ಜಪಾನಿನ ಈ ಆಟಗಾರ್ತಿ 1996ರಲ್ಲಿ ಬಿಟ್ಟರು. ಅದಕ್ಕೂ ಮುಂಚೆ ವಿಶ್ವದ ನಾಲ್ಕನೇ ಸ್ಥಾನಕ್ಕೆ ಏರಿದ್ದವರು. ಮರಳಿದ್ದು 2008ರಲ್ಲಿ, 37ನೇ ವಯಸ್ಸಿಗೆ. 12 ವರ್ಷದ ಅಂತರ. ಬೋರ್ಗ್‌ಗಿಂತ ಜಾಸ್ತಿ. ಆದರೂ 2009ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಸಿಂಗಲ್ಸ್ ಪ್ರಶಸ್ತಿ ಗೆದ್ದರು. 39 ತುಂಬಲು ಒಂದೇ ದಿನ ಬಾಕಿ ಇತ್ತು.

2011ರ ವಿಂಬಲ್ಡನ್‌ನಲ್ಲಿ ವೀನಸ್ ಜೊತೆ ಆಡಿದ ಪಂದ್ಯ ಯಾರಾದರೂ ನೋಡಿದ್ದೀರಾ? ಡಾಟೆಗೆ 40. ಮೊದಲ ಸೆಟ್ ಟೈಬ್ರೇಕ್‌ನಲ್ಲಿ (6-6 ಸಮವಾದಾಗ ಸೆಟ್ ತೀರ್ಮಾನಿಸುವ ಕಿರು ಆಟ) ಗೆದ್ದರು. ವೀನಸ್ ಎರಡನೆಯದನ್ನು 6-3ರಿಂದ ಪಡೆದರು. ಮೂರನೆಯದು 8-6ಕ್ಕೆ ಹೋಗಿ ವೀನಸ್ ಗೆದ್ದರು. ಹತ್ತಿರ ಹತ್ತಿರ ಮೂರು ಗಂಟೆ. ಈಗಿನ ನಿಯಮದಲ್ಲಿ ಆ ಸ್ಕೋರ್ ಬರೋದೇ ಇಲ್ಲ, ಕೊನೆಯ ಸೆಟ್ 6-6 ಆದರೆ 10 ಪಾಯಿಂಟಿನ ಟೈಬ್ರೇಕ್.

ಬೇಸ್‌ಲೈನ್‌ವಾಸಿ:
ಡಾಟೆ ಹೆಸರು ತಂದದ್ದು ಒಳ್ಳೆಯದಾಯಿತು. ಬೋರ್ಗ್, ಡಾಟೆ ಇಬ್ಬರನ್ನೂ ಪಕ್ಕಪಕ್ಕ ಇಟ್ಟರೆ ಇನ್ನೊಂದು ವಿಷಯ ಕಾಣುತ್ತದೆ. ಅವರವರ ಆಟ ಯಾವ ಬಲದ ಮೇಲೆ ನಿಂತಿತ್ತು ಅನ್ನೋದು.

ಬೋರ್ಗ್ ಆಟ ಕಾಲಿನ ಮೇಲೆ ನಿಂತಿತ್ತು. ಬೇಸ್‌ಲೈನ್ (ಕೋರ್ಟಿನ ಹಿಂಬದಿಯ ಗೆರೆ) ಹಿಂದೆ ನಿಂತು, ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಸುತ್ತುವಂಥ ಹೊಡೆತ) ಹಾಕಿ, ಎದುರಾಳಿ ಸುಸ್ತಾಗುವ ತನಕ ಚೆಂಡು ವಾಪಸ್ ಕಳಿಸೋದು. ಅದಕ್ಕೆ 22 ವರ್ಷದ ಶ್ವಾಸ ಬೇಕು. ಡಾಟೆ ಹಾಗಲ್ಲ. ಬೇಸ್‌ಲೈನ್‌ಗೆ ಅಂಟಿಕೊಂಡು, ಚೆಂಡು ಪುಟಿದು ಮೇಲೇಳುವಾಗಲೇ ಚಪ್ಪಟೆಯಾಗಿ ಹೊಡೆಯುತ್ತಿದ್ದರು. ವೇಗ ಎದುರಾಳಿಯದ್ದು, ಇವರು ದಿಕ್ಕು ಬದಲಿಸೋದು ಅಷ್ಟೆ. ಓಟ ಕಡಿಮೆ, ಚೆಂಡು ಆಚೀಚೆ ಹೋಗಿ ಬರುವ ರ‍್ಯಾಲಿ ಚಿಕ್ಕದು. ಎದುರಾಳಿ ಜೋರಾಗಿ ಹೊಡೆದಷ್ಟೂ ಇವರಿಗೇ ಅನುಕೂಲ. ವೀನಸ್ ಅಷ್ಟು ಒದ್ದಾಡಿದ್ದು ಅದಕ್ಕೇ. ಇಂಥ ಆಟಕ್ಕೆ ಬೇಗ ವಯಸ್ಸಾಗುವುದಿಲ್ಲ.

ಸೆರೆನಾ ವಿಷಯದಲ್ಲೂ ನಾನು ನೋಡೋದು ಇದನ್ನೇ. ಆ ಸರ್ವ್ ಎಲ್ಲಿಗೂ ಹೋಗಿರುವುದಿಲ್ಲ. ಟಾಸ್ (ಚೆಂಡು ಮೇಲೆಸೆಯೋದು) ಒಂದೇ ಥರ, ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ಊಹಿಸೋಕೂ ಆಗಲ್ಲ. ಆದರೆ ಎದುರಾಳಿ ಸರ್ವ್ ಮಾಡುವಾಗ? ಅಲ್ಲಿ ಮೊದಲ ಎರಡು ಹೆಜ್ಜೆ ಬೇಕು. ಸಮಸ್ಯೆ ಅಲ್ಲಿದೆ.

ಮೂಳೆ ಕೀಲು:
ಕ್ರೀಡಾಪಟುಗಳ ಫಿಸಿಯೋಥೆರಪಿ ನನ್ನ ಕೆಲಸ, ಹಾಗಾಗಿ ಒಂದು ಮಾತು.

ಹೊರಗಿನವರು ಅಂದುಕೊಳ್ಳೋದು ದಮ್ಮು ಬರುವುದೇ ಕಷ್ಟ ಅಂತ. ಇಲ್ಲ. ಇಡೀ ಜೀವನ ಆಡಿದವರಿಗೆ ದಮ್ಮು ಕೆಲವು ತಿಂಗಳಲ್ಲಿ ಸಾಕಷ್ಟು ಮರಳುತ್ತದೆ. ಸ್ನಾಯುವೂ ಅಷ್ಟೆ, ಮೊದಲು ಬೆಳೆಸಿದ್ದನ್ನು ಮತ್ತೆ ಬೆಳೆಸುವುದು ಹೊಸದಾಗಿ ಬೆಳೆಸುವುದಕ್ಕಿಂತ ಸುಲಭ. ತೊಂದರೆ ಕೊಡೋದು ಸ್ನಾಯುರಜ್ಜು. ಹಿಮ್ಮಡಿ ಮೇಲಿನದು, ಮಂಡಿಚಿಪ್ಪಿನ ಕೆಳಗಿನದು, ಭುಜದ್ದು, ಮೊಣಕೈಯದ್ದು. ಇವುಗಳಿಗೆ ರಕ್ತ ಹರಿಯುವುದು ಕಡಿಮೆ, ಹಾಗಾಗಿ ಹೊಸ ಹೊರೆಗೆ ಒಗ್ಗುವುದೂ ನಿಧಾನ. ಸ್ನಾಯು ರೆಡಿ ಅನ್ನುತ್ತದೆ, ರಜ್ಜು ಇನ್ನೂ ಆಗಿಲ್ಲ ಅನ್ನುತ್ತದೆ. ಆಟಗಾರರು ಸ್ನಾಯುವಿನ ಮಾತು ಕೇಳಿ ಸರ್ವ್ ಮೇಲೆ ಸರ್ವ್ ಹೊಡೆಯುತ್ತಾರೆ. ಆಮೇಲೆ ನಮ್ಮ ಹತ್ತಿರ ಬರುತ್ತಾರೆ.

ಮೇರಿಯನ್ ಬಾರ್ತೊಲಿ ನೆನಪಿದೆಯಾ? 2013ರಲ್ಲಿ ವಿಂಬಲ್ಡನ್ ಗೆದ್ದು, ಮುಂದಿನ ತಿಂಗಳೇ ಬಿಟ್ಟರು. 2017ರ ಕೊನೆಗೆ ಮರಳುತ್ತೇನೆ ಅಂತ ಹೇಳಿದರು. ತಯಾರಿಯಲ್ಲೇ ಭುಜ ಕೈಕೊಟ್ಟಿತು. 2018ರಲ್ಲಿ, ಟೂರಿನ ಒಂದು ಪಂದ್ಯ ಕೂಡ ಆಡದೆ, ಆಸೆ ಕೈಬಿಟ್ಟರು. ಹೆನಿನ್ ಮೊಣಕೈಯೂ ಹಾಗೇ. 2010ರ ವಿಂಬಲ್ಡನ್‌ನಲ್ಲಿ ಕ್ಲೈಸ್ಟರ್ಸ್ ಎದುರು ಜಾರಿಬಿದ್ದಾಗ ಪೆಟ್ಟಾಯಿತು. 2011ರ ಜನವರಿಯಲ್ಲಿ ಎರಡನೇ ಸಲ ವಿದಾಯ.

ಇನ್ನೊಂದು, ಒಂದು ಪಂದ್ಯ ಆಡುವುದು ಬೇರೆ, ಮರುದಿನ ಎದ್ದು ಇನ್ನೊಂದು ಆಡುವುದು ಬೇರೆ. ಗ್ರ್ಯಾಂಡ್‌ಸ್ಲಾಮ್ ಗೆಲ್ಲಲು ಎರಡು ವಾರದಲ್ಲಿ ಏಳು ಪಂದ್ಯ. ನಲವತ್ತರ ಮೇಲೆ ಸೋಲಿಸುವುದು ಎದುರಾಳಿ ಅಲ್ಲ, ಮೂರನೇ ಪಂದ್ಯದ ಮರುದಿನ ಬೆಳಗ್ಗೆ.

ಎರಡನೇ ಸರ್ವ್:
ಎಲ್ಲರೂ ದಂತಕಥೆಗಳ ಬಗ್ಗೆ ಮಾತಾಡ್ತಿದ್ದೀರಿ. ಅವರಿಗೆ ಜಾಗ ಬಿಟ್ಟುಕೊಟ್ಟವರ ಬಗ್ಗೆ ಯಾರೂ ಇಲ್ಲ.

ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಡ್ರಾ (ಯಾರ ಎದುರು ಯಾರು ಅನ್ನೋ ಪಟ್ಟಿ) 128 ಜನರದ್ದು. ಅದರಲ್ಲಿ 104 ಜನ ರ‍್ಯಾಂಕಿಂಗ್ ಮೇಲೆ ನೇರ ಬರುತ್ತಾರೆ. 16 ಜನ ಅರ್ಹತಾ ಸುತ್ತಿನ ಮೂರು ಪಂದ್ಯ ಗೆದ್ದು ಬರುತ್ತಾರೆ. ಉಳಿಯೋದು 8 ವೈಲ್ಡ್ ಕಾರ್ಡ್. ಅದರಲ್ಲೂ ಬಹುಪಾಲು ಆತಿಥೇಯ ದೇಶದ ಹುಡುಗ ಹುಡುಗಿಯರಿಗೆ. ಮೊದಲ ಸುತ್ತಿನಲ್ಲಿ ಸೋತರೂ ಸಿಗುವ ಹಣ, 150ನೇ ರ‍್ಯಾಂಕಿನವರಿಗೆ ಕೋಚ್ ಇಟ್ಟುಕೊಳ್ಳುವಂಥ ಹಣ. ಅವರು ವರ್ಷಪೂರ್ತಿ ಸಣ್ಣ ಟೂರ್ನಿ ಸುತ್ತಿ, ಕೋಣೆ ಹಂಚಿಕೊಂಡು, ತಮ್ಮ ರ‍್ಯಾಕೆಟ್‌ಗೆ ತಾವೇ ಸ್ಟ್ರಿಂಗ್ ಹಾಕಿಕೊಂಡು ಬದುಕುವವರು.

ಅಲ್ಲಿ ಈಗಾಗಲೇ ಕೋಟಿಗಟ್ಟಲೆ ಗಳಿಸಿದವರೊಬ್ಬರು ಬಂದು ಒಂದು ಜಾಗ ತಗೊಂಡರೆ ಟಿಕೆಟ್ ಮಾರಾಟವಾಗುತ್ತದೆ, ಟಿವಿಯವರಿಗೆ ಖುಷಿ. ನನಗೆ ಖುಷಿಯಿಲ್ಲ. ಕ್ಲೈಸ್ಟರ್ಸ್ ಗೆದ್ದದ್ದನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದೇ ಕ್ಲೈಸ್ಟರ್ಸ್ 2020ರಲ್ಲಿ ಮತ್ತೊಮ್ಮೆ ಬಂದರಲ್ಲ, ಅದನ್ನು ಯಾಕೆ ಬಿಟ್ಟಿರಿ? ದುಬೈನಲ್ಲಿ ಮುಗುರುಸಾ ಎದುರು ಸೋಲು. ಆಮೇಲೆ ಒಂದಾದ ಮೇಲೊಂದು ಸೋಲು. ಆ ಸಲ ಟೂರಿನಲ್ಲಿ ಒಂದೂ ಸಿಂಗಲ್ಸ್ ಗೆಲ್ಲದೆ 2022ರಲ್ಲಿ ನಿಲ್ಲಿಸಿದರು. ಆ ಜಾಗಗಳಲ್ಲಿ ಆಡಬೇಕಿದ್ದವರ ಹೆಸರು ನಮಗ್ಯಾರಿಗೂ ಗೊತ್ತಿಲ್ಲ.

ಲೆಟ್ ಬಾಲ್:
ಇದು ಸ್ವಲ್ಪ ಜಾಸ್ತಿಯಾಯಿತು. ದೊಡ್ಡ ಹೆಸರು ಬಂದರೆ ಜನ ಬರುತ್ತಾರೆ. ಜನ ಬಂದರೆ ಹಣ. ಆ ಹಣದಲ್ಲೇ ಮೊದಲ ಸುತ್ತಿನ ಬಹುಮಾನವೂ ಏರೋದು. ಒಂದು ಜಾಗ ಹೋಯಿತು ನಿಜ, ಉಳಿದ 127 ಜನರಿಗೆ ಲಾಭವೇ ಆಯಿತಲ್ಲ?

ಎರಡನೇ ಸರ್ವ್:
127 ಜನರಿಗೆ ಲಾಭ ಆಯಿತು ಅಂತ ಆ ಒಬ್ಬರ ಎದುರು ನಿಂತು ಹೇಳಿ ನೋಡೋಣ.

ಹಿಂದಿನ ಸಾಲು:
ಇಬ್ಬರೂ ಸ್ವಲ್ಪ ತಡೆಯಿರಿ 🙂

ವೀನಸ್ ಉದಾಹರಣೆ ನಡುವೆ ಎಲ್ಲೋ ಬರುತ್ತದೆ. ಅವರು ನಿವೃತ್ತಿ ಅಂತ ಹೇಳಿಯೇ ಇರಲಿಲ್ಲ, ಆದರೆ 16 ತಿಂಗಳು ಆಡಿರಲಿಲ್ಲ. 2025ರ ಜುಲೈನಲ್ಲಿ ವಾಷಿಂಗ್ಟನ್ ಟೂರ್ನಿ ವೈಲ್ಡ್ ಕಾರ್ಡ್ ಕೊಟ್ಟಿತು. 45ನೇ ವಯಸ್ಸಿನಲ್ಲಿ ಪೇಟನ್ ಸ್ಟರ್ನ್ಸ್ ಅವರನ್ನು 6-3, 6-4ರಿಂದ ಸೋಲಿಸಿದರು. ಸ್ಟರ್ನ್ಸ್ ಏನು ಸಾಮಾನ್ಯ ಆಟಗಾರ್ತಿಯಲ್ಲ, 23 ವರ್ಷದ ಹುಡುಗಿ, ಟೂರಿನಲ್ಲಿ ಗಟ್ಟಿಯಾಗಿ ಆಡುತ್ತಿದ್ದವರು. ಟೂರ್ ಮಟ್ಟದ ಸಿಂಗಲ್ಸ್ ಪಂದ್ಯ ಗೆದ್ದ ಮಹಿಳೆಯರಲ್ಲಿ ವೀನಸ್‌ಗಿಂತ ಹಿರಿಯರು ಅಂದರೆ ನವ್ರಾಟಿಲೋವಾ ಒಬ್ಬರೇ. ಅವರು 2004ರ ವಿಂಬಲ್ಡನ್‌ನಲ್ಲಿ 47ನೇ ವಯಸ್ಸಿಗೆ ಮೊದಲ ಸುತ್ತು ಗೆದ್ದಿದ್ದರು, 6-0, 6-1!

ಗೆದ್ದ ಮೇಲೆ ವೀನಸ್ ನಗುತ್ತಾ ಹೇಳಿದ್ದು ಆರೋಗ್ಯ ವಿಮೆಗಾಗಿ ಬರಬೇಕಾಯಿತು ಅಂತ. ತಮಾಷೆ ಹೌದು, ಅದರೊಳಗೆ ಸ್ವಲ್ಪ ನಿಜವೂ ಇತ್ತು ಅನಿಸುತ್ತದೆ. ಇಂಥ ಗೆಲುವಿಗೆ ಒಂದು ವೈಲ್ಡ್ ಕಾರ್ಡ್ ಕೊಟ್ಟರೆ ನನಗೆ ಬೇಜಾರಿಲ್ಲ.

ಡಬಲ್ಸ್ ಪ್ರೇಮಿ:
ಇಷ್ಟು ಹೊತ್ತು ಸುಮ್ಮನಿದ್ದೆ. ಡಬಲ್ಸ್ ಬಗ್ಗೆ ಯಾರಾದರೂ ಮಾತೆತ್ತುತ್ತೀರಾ ಅಂತ ಕಾಯುತ್ತಿದ್ದೆ. ಎಂದಿನಂತೆ ಯಾರೂ ಇಲ್ಲ.

ಮಾರ್ಟಿನಾ ಹಿಂಗಿಸ್ ಒಬ್ಬರನ್ನೇ ತಗೊಳ್ಳಿ. ಈ ಇಡೀ ಚರ್ಚೆಯ ಎಲ್ಲ ಥರದ ವಾಪಸಾತಿಯೂ ಅವರೊಬ್ಬರಲ್ಲೇ ಇದೆ. 2003ರಲ್ಲಿ, 22ನೇ ವಯಸ್ಸಿಗೆ, ಕಾಲಿನ ಗಾಯದಿಂದ ಬಿಟ್ಟರು. ಅಂದರೆ ಬೇಸ್‌ಲೈನ್‌ವಾಸಿಯವರ ಲೆಕ್ಕದಲ್ಲಿ ದೇಹ ಮುಗಿದವರು. 2006ರಲ್ಲಿ ಬಂದರು. ಆಸ್ಟ್ರೇಲಿಯನ್ ಓಪನ್‌ನಲ್ಲಿ ಸಿಂಗಲ್ಸ್ ಕ್ವಾರ್ಟರ್ ಫೈನಲ್, ಜೊತೆಗೆ ಮಹೇಶ್ ಭೂಪತಿ ಜೊತೆ ಮಿಕ್ಸೆಡ್ ಡಬಲ್ಸ್ ಪ್ರಶಸ್ತಿ. ಅದೇ ವರ್ಷ ರೋಮ್ ಗೆದ್ದು ಮೊದಲ ಹತ್ತರೊಳಗೆ ಬಂದರು. 2007ರಲ್ಲಿ ಕೊಕೇನ್ ಪರೀಕ್ಷೆಯಲ್ಲಿ ಸಿಕ್ಕಿ, ಎರಡನೇ ವಿದಾಯ, ಎರಡು ವರ್ಷದ ನಿಷೇಧ. ಅಲ್ಲಿಗೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು.

2013ರಲ್ಲಿ ಮತ್ತೆ ಬಂದರು, ಡಬಲ್ಸ್ ಮಾತ್ರ. ಆಮೇಲೆ ಆದದ್ದು ನಮಗೆಲ್ಲ ಗೊತ್ತು. ಸಾನಿಯಾ ಮಿರ್ಜಾ ಜೊತೆ 2015ರ ವಿಂಬಲ್ಡನ್, 2015ರ ಅಮೆರಿಕ ಓಪನ್, 2016ರ ಆಸ್ಟ್ರೇಲಿಯನ್ ಓಪನ್. ನಡುವೆ ಸತತ 41 ಪಂದ್ಯ ಸೋಲಲೇ ಇಲ್ಲ. ಲಿಯಾಂಡರ್ ಪೇಸ್ ಜೊತೆ 2015ರಲ್ಲೇ ಮೂರು ಮಿಕ್ಸೆಡ್ ಪ್ರಶಸ್ತಿ, 2016ರಲ್ಲಿ ಫ್ರೆಂಚ್ ಓಪನ್ ಸೇರಿ ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಆಯಿತು. 2017ರಲ್ಲಿ ಕೊನೆಗೂ ಬಿಟ್ಟಾಗ ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1.

ಹೇಗೆ ಸಾಧ್ಯವಾಯಿತು? ಡಬಲ್ಸ್‌ನಲ್ಲಿ ಕಾಯಬೇಕಾದದ್ದು ಹತ್ತಿರ ಹತ್ತಿರ ಅರ್ಧ ಕೋರ್ಟ್. ರ‍್ಯಾಲಿ ಚಿಕ್ಕದು. ಟೂರ್ ಪಂದ್ಯಗಳಲ್ಲಿ ಮೂರನೇ ಸೆಟ್ ಬದಲು 10 ಪಾಯಿಂಟಿನ ಟೈಬ್ರೇಕ್, ಡ್ಯೂಸ್ (40-40) ಆದರೆ ಒಂದೇ ಪಾಯಿಂಟಿನಲ್ಲಿ ತೀರ್ಮಾನ. ಎಲ್ಲಿ ನಿಲ್ಲಬೇಕು, ಜೊತೆಗಾರ ಸರ್ವ್ ಮಾಡುವಾಗ ಯಾವಾಗ ಅಡ್ಡ ಬರಬೇಕು, ರಿಟರ್ನ್ ಯಾರ ಕಾಲ ಬಳಿ ಹಾಕಬೇಕು. ಇದು ತಲೆಯ ಕೆಲಸ. ಹಿಂಗಿಸ್ ಕಾಲು ಹೋಗಿರಬಹುದು, ತಲೆ ಇನ್ನೂ ಚುರುಕಾಯಿತು.

ರೋಹನ್ ಬೋಪಣ್ಣ ನಿವೃತ್ತಿಯಿಂದ ಮರಳಿದವರಲ್ಲ, ಆದರೂ ಹೇಳಲೇಬೇಕು. 43ನೇ ವಯಸ್ಸಿನಲ್ಲಿ, 2024ರ ಆಸ್ಟ್ರೇಲಿಯನ್ ಓಪನ್ ಗೆದ್ದು ನಂಬರ್ 1 ಆದರು. ಮಂಡಿಯಲ್ಲಿ ಮೃದ್ವಸ್ಥಿ ಇಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ನವ್ರಾಟಿಲೋವಾ 2006ರಲ್ಲಿ ಬಾಬ್ ಬ್ರಯನ್ ಜೊತೆ ಅಮೆರಿಕ ಓಪನ್ ಮಿಕ್ಸೆಡ್ ಗೆದ್ದಾಗ 50ಕ್ಕೆ ತಿಂಗಳು ಚಿಲ್ಲರೆ ಬಾಕಿ. ಜಾನ್ ಮೆಕೆನ್ರೊ ಕೂಡ ಅದೇ ವರ್ಷ ಸ್ಯಾನ್ ಹೋಸೆಯಲ್ಲಿ ಯೋನಾಸ್ ಬ್ಯೋರ್ಕ್‌ಮನ್ ಜೊತೆ ಡಬಲ್ಸ್ ಗೆದ್ದರು, 47ಕ್ಕೆ.

ಮೂಳೆ ಕೀಲು:
ಡಬಲ್ಸ್ ಪ್ರೇಮಿ ಹೇಳಿದ್ದು ನನ್ನ ಕಡೆಯಿಂದಲೂ ಸರಿ. ಡಬಲ್ಸ್‌ನಲ್ಲಿ ಹೊರೆ ಕಡಿಮೆ. ಆದರೆ ನೆಟ್ ಹತ್ತಿರ ತಟ್ಟನೆ ಪ್ರತಿಕ್ರಿಯೆ ಬೇಕು. ಅದು ಆಡುತ್ತಲೇ ಇದ್ದರೆ ಮಾತ್ರ ಉಳಿಯೋದು.

ಒಂದುಕೈ ಬ್ಯಾಕ್‌ಹ್ಯಾಂಡ್:
ಆ ಉದ್ದೀಪನ ಮದ್ದು ಪರೀಕ್ಷೆಯ ನಿಯಮದ ಬಗ್ಗೆ ಯಾರಾದರೂ ವಿವರವಾಗಿ ಹೇಳ್ತೀರಾ? ಸೆರೆನಾ ಸುದ್ದಿ ಹುಟ್ಟಿದ್ದೇ ಅಲ್ಲಿಂದ.

ಬೇಸ್‌ಲೈನ್‌ವಾಸಿ:
ಹೇಳ್ತೀನಿ. ಪರೀಕ್ಷಾ ಪಟ್ಟಿಯಲ್ಲಿ ಇದ್ದವರು ನಿವೃತ್ತಿ ಹೇಳಿದರೆ ಪಟ್ಟಿಯಿಂದ ಹೊರಗೆ ಬರುತ್ತಾರೆ. ಮತ್ತೆ ಆಡಬೇಕು ಅಂದರೆ ಬರವಣಿಗೆಯಲ್ಲಿ ತಿಳಿಸಿ, ಆರು ತಿಂಗಳು ಪರೀಕ್ಷೆಗೆ ಸಿಗುವಂತಿರಬೇಕು. ಬಿಟ್ಟಿದ್ದ ಕಾಲದಲ್ಲಿ ಏನೇನೋ ತಗೊಂಡು, ಬಲ ಬೆಳೆಸಿಕೊಂಡು ಬರಬಾರದು ಅಂತ ಈ ನಿಯಮ. ಅಪರೂಪಕ್ಕೆ ವಿನಾಯಿತಿ ಕೊಡಲು ಅವಕಾಶ ಇದೆ.

ಸಿಗುವಂತಿರೋದು ಅಂದರೆ ಸುಮ್ನೆ ಮಾತಲ್ಲ. ಪ್ರತಿದಿನ ಎಲ್ಲಿ ಮಲಗುತ್ತೀರಿ ಅಂತ ತಿಳಿಸಬೇಕು. ದಿನಕ್ಕೊಂದು ಗಂಟೆ ಗೊತ್ತುಮಾಡಿ, ಆ ಹೊತ್ತಿಗೆ ಹೇಳಿದ ಜಾಗದಲ್ಲೇ ಇರಬೇಕು. ಪರೀಕ್ಷಕರು ಹೇಳದೆ ಕೇಳದೆ ಬಾಗಿಲು ತಟ್ಟುತ್ತಾರೆ. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ, ಏನೂ ತಗೊಳ್ಳದಿದ್ದರೂ ಅದೇ ಅಪರಾಧ. ಎರಡು ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದನ್ನು ಯಾರೂ ತಮಾಷೆಗೆ ಒಪ್ಪಿಕೊಳ್ಳುವುದಿಲ್ಲ. ಜನ ಅನುಮಾನ ಪಟ್ಟಿದ್ದು ಅದಕ್ಕೇ.

ಹಿಂದಿನ ಸಾಲು:
ಹಾಗಾದರೆ ಬಾಗಿಲು ತೆರೆದಿಟ್ಟುಕೊಂಡರು ಅಷ್ಟೆ ಅನ್ನೋಣವಾ? ಇಷ್ಟವಾದರೆ ಬರೋದು, ಇಲ್ಲದಿದ್ದರೆ ಇಲ್ಲ.

ಲೆಟ್ ಬಾಲ್:
ಅವರ ಬಾಯಿಂದಲೇ ಇಲ್ಲ ಅಂದಿದ್ದಾರೆ. ನಾವು ಇಲ್ಲಿ ಕೂತು ಡ್ರಾ ಹಾಕ್ತಿದ್ದೀವಿ.

ನನಗೆ ಸೆರೆನಾಗಿಂತ ಆಷ್ ಬಾರ್ಟಿ ಮೇಲೆ ಆಸೆ. 2014ರಲ್ಲಿ ಆಟ ಸಾಕು ಅಂತ ಹೋಗಿ, ಬ್ರಿಸ್ಬೇನ್ ಹೀಟ್ ತಂಡಕ್ಕೆ ಕ್ರಿಕೆಟ್ ಆಡಿದರು. 2016ರಲ್ಲಿ ವಾಪಸ್ ಬಂದು ಫ್ರೆಂಚ್, ವಿಂಬಲ್ಡನ್, ಆಸ್ಟ್ರೇಲಿಯನ್ ಮೂರೂ ಗೆದ್ದರು. 2022ರಲ್ಲಿ ನಂಬರ್ 1 ಆಗಿದ್ದಾಗಲೇ, 25ಕ್ಕೇ ಬಿಟ್ಟರು. ಮನಸ್ಸು ದಣಿದದ್ದು, ದೇಹ ಅಲ್ಲ. ಆಟವೂ ಸ್ಲೈಸ್ (ಚೆಂಡಿನ ಅಡಿ ಕೊಯ್ದಂತೆ ಹೊಡೆಯೋದು), ಜಾಣ ಸರ್ವ್ ಮೇಲೆ ನಿಂತಿರೋದು. ಬೇಸ್‌ಲೈನ್‌ವಾಸಿ ಹೇಳಿದ ಎರಡೂ ಲೆಕ್ಕಕ್ಕೆ ಸರಿಹೊಂದುತ್ತಾರೆ.

ಬೇಸ್‌ಲೈನ್‌ವಾಸಿ:
ಲೆಕ್ಕಕ್ಕೆ ಹೊಂದುತ್ತಾರೆ. ಆದರೆ ಬಾರ್ಟಿ ಗೆಲ್ಲಬೇಕಾದ್ದನ್ನು ಗೆದ್ದೇ ಹೋದವರು. ತಮ್ಮ ದೇಶದ ಓಪನ್ ಗೆದ್ದು, ಎರಡು ತಿಂಗಳಲ್ಲಿ ಬಿಟ್ಟರು. ಕ್ಲೈಸ್ಟರ್ಸ್ 2007ರಲ್ಲಿ ಬಿಟ್ಟಾಗ ಕೈಯಲ್ಲಿದ್ದದ್ದು ಒಂದೇ ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್. ಹೆನಿನ್‌ಗೆ ವಿಂಬಲ್ಡನ್ ಬಾಕಿ ಇತ್ತು, ಫೆಡರರ್ 2009ರಲ್ಲಿ ಫ್ರೆಂಚ್ ಓಪನ್ ಗೆದ್ದದ್ದು ನೋಡಿ ಆ ಆಸೆ ಮತ್ತೆ ಹುಟ್ಟಿತು ಅಂತ ಹೇಳಿದ್ದರು. ಏನಾದರೂ ಬಾಕಿ ಇದ್ದವರೇ ಬರೋದು. ಸೆರೆನಾಗೂ ಒಂದು ಬಾಕಿ ಇದೆ, 23 ಆಗಿದೆ, ಮಾರ್ಗರೆಟ್ ಕೋರ್ಟ್ ಹತ್ತಿರ 24. ಆದರೆ ಸಿಂಗಲ್ಸ್‌ನಲ್ಲಿ ಅದು ಇನ್ನು ಆಗದ ಮಾತು.

ಒಂದುಕೈ ಬ್ಯಾಕ್‌ಹ್ಯಾಂಡ್:
ನನ್ನ ಹೆಸರು ನೋಡಿಯೇ ಗೊತ್ತಾಗಿರಬೇಕು. ಒಂದೇ ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆಯುತ್ತಿದ್ದ ಫೆಡರರ್ ಮರಳಬಹುದಾ? 😔

ಮೂಳೆ ಕೀಲು:
ಮಂಡಿ. 2021ರ ವಿಂಬಲ್ಡನ್‌ನಲ್ಲಿ ಹುರ್ಕಾಚ್ ಎದುರು ಕೊನೆಯ ಸೆಟ್ 6-0. ಆಮೇಲೆ ಮತ್ತೊಂದು ಶಸ್ತ್ರಚಿಕಿತ್ಸೆ. 2022ರಲ್ಲಿ ಲೇವರ್ ಕಪ್ ಅನ್ನೋ ತಂಡ ಟೂರ್ನಿಯಲ್ಲಿ ಡಬಲ್ಸ್ ಆಡಿ ವಿದಾಯ. ಪ್ರದರ್ಶನ ಪಂದ್ಯ ಆಡಲಿ, ಚೆನ್ನಾಗಿರುತ್ತದೆ. ಅದಕ್ಕಿಂತ ಜಾಸ್ತಿ ಕೇಳಬೇಡಿ.

ಡಬಲ್ಸ್ ಪ್ರೇಮಿ:
ನನ್ನ ಆಸೆ ಒಂದೇ. ವಿಲಿಯಮ್ಸ್ ಸಹೋದರಿಯರು ಜೊತೆಯಾಗಿ ಒಂದು ಗ್ರ್ಯಾಂಡ್‌ಸ್ಲಾಮ್ ಡಬಲ್ಸ್ ಆಡಲಿ. ಆಡಿದ 14 ಫೈನಲ್‌ನಲ್ಲಿ 14ನ್ನೂ ಗೆದ್ದವರು. 2025ರ ಅಮೆರಿಕ ಓಪನ್‌ನಲ್ಲಿ ವೀನಸ್, ಲೇಲಾ ಫರ್ನಾಂಡಿಸ್ ಜೊತೆ ಕ್ವಾರ್ಟರ್ ಫೈನಲ್ ತನಕ ಹೋದರು, ಅದೂ 45ಕ್ಕೆ. ಎರಡನೇ ಸರ್ವ್ ಅವರೇ, ಇದಕ್ಕೂ ತಕರಾರು ಇದೆಯಾ?

ಎರಡನೇ ಸರ್ವ್:
ಡಬಲ್ಸ್‌ಗೆ ಕೊಡಲಿ, ನನ್ನ ತಕರಾರಿಲ್ಲ. ನಾನೂ ಕೂತು ನೋಡ್ತೀನಿ. ಸಿಂಗಲ್ಸ್ ಆಡಬೇಕು ಅಂದರೆ ಮಾತ್ರ ಅರ್ಹತಾ ಸುತ್ತಿನ ಮೂರು ಪಂದ್ಯ ಗೆದ್ದು ಬರಲಿ.